ಲೆಕ್ಕಕ್ಕೆ ಬಾರದ ಆಟಗಾರರು

ಬಾಸ್ಕೆಟ್‌ಬಾಲ್ ಎಂಬ ಚೆಂಡಾಟವು ನಮ್ಮ ವಾಚಕರಿಗೆ ಅಪರಿಚಿತವಾದುದೇನಲ್ಲ. ಹೈಸ್ಕೂಲಿನ ಬಯಲಿನಲ್ಲಿ ಎದುರುಬದುರಾಗಿ ನೆಟ್ಟ ಎರಡು ಕಂಬಗಳು, ಕಂಬಕ್ಕೊಂದು ಹಲಗೆ, ಹಲಗೆಗೊಂದು ಕಬ್ಬಿಣದ ಬಳೆ, ಬಳೆಗೆ ಜೋತುಬಿದ್ದ ಹರಕು ಬಲೆ, ಇಷ್ಟನ್ನು ಕಾಣದವರು ವಿರಳ. ಮದರಾಸಿನಲ್ಲಿ 1920ರಲ್ಲಿ ವ್ಯಾಯಾಮ ಶಿಕ್ಷಣದ ಕಾಲೇಜನ್ನು ಸ್ಥಾಪಿಸಿದ ಹ್ಯಾರಿ ಕ್ರೋ ಬಕ್ ಎಂಬವರು, ಈ ಆಟವು ಹುಟ್ಟಿದ ಸ್ಪ್ರಿಂಗ್‌ಫೀಲ್ಡ್ ವಿದ್ಯಾಶಾಲೆಯಲ್ಲಿಯೇ ಓದಿ ಬಂದವರು. ಅವರ ಶಿಷ್ಯರೂ ಪ್ರಶಿಷ್ಯರೂ ಡ್ರಿಲ್ ಮಾಸ್ತರುಗಳಾಗಿ ದಕ್ಷಿಣದೇಶದ ಶಾಲೆಗಳಿಗೆ ಹಂಚಿಹೋದರು. ಆದರೆ ನಾವು ಇಂದು ಹೇಳಹೊರಟಿರುವುದು ಶಾಲೆಯ ಆಟವನ್ನಲ್ಲ. ಅಮೆರಿಕಾ ದೇಶದಲ್ಲಿ ಇದನ್ನೇ ಜೀವನೋಪಾಯವಾಗಿ ಮಾಡಿಕೊಂಡಿರುವ ಎನ್.ಬಿ.ಎ. ಎಂಬ ಕೂಟದ ತಂಡಗಳ ಆಟವನ್ನು. ಅಲ್ಲಿ ತಂಡಗಳು 30. ಒಂದೊಂದು ತಂಡವೂ ಅಕ್ಟೋಬರಿನಿಂದ ಏಪ್ರಿಲಿನವರೆಗೆ 82 ಪಂದ್ಯಗಳನ್ನು ಆಡಬೇಕು. ಅನಂತರ ಮೇಲುಗೈಯಾದವರೊಳಗೆ ಜೂನ್ ತಿಂಗಳವರೆಗೂ ಪ್ರಶಸ್ತಿಗಾಗಿ ಹೋರಾಟ. ಅಲ್ಲಿಯ ಸಂಜೆಯು ನಮಗೆ ಮರುದಿನದ ಮುಂಜಾವವಾದುದರಿಂದ, ನಸುಕಿನಲ್ಲಿ ಏಳುವ ಅಭ್ಯಾಸವುಳ್ಳ ನಮ್ಮಂಥವರಿಗೆ ಈ ಪಂದ್ಯಗಳು ಕಾಫಿಯೊಡನೆಯೇ ದೊರೆಯುತ್ತವೆ. ನಿವೃತ್ತರಾದ ಮೇಲೆ ನಮಗೆ ಹತ್ತಿದ ಚಟ ಇದೊಂದೇ ಎಂದು ಮನೆಯವರು ಸಮಾಧಾನ ತಂದುಕೊಂಡಿದ್ದಾರೆ.

ಸಂಸ್ಕೃತದ ಶಾಸ್ತ್ರಗ್ರಂಥಗಳಲ್ಲಿ ಛತ್ರಿನ್ಯಾಯವೆಂಬುದೊಂದು ಉಂಟು. ಹತ್ತು ಮಂದಿ ದಾರಿಯಲ್ಲಿ ಹೋಗುತ್ತಿರುವಾಗ ಒಬ್ಬಿಬ್ಬರ ಕೈಯಲ್ಲಿ ಮಾತ್ರವೇ ಕೊಡೆಯಿದ್ದರೂ, ದೂರದಿಂದ ನೋಡಿದವನು ‘ಅಗೋ, ಕೊಡೆಯವರು ಹೋಗುತ್ತಿದ್ದಾರೆ’ ಎಂದು ಎಲ್ಲರನ್ನೂ ಸೇರಿಸಿ ಹೇಳಿಬಿಡುವನು. ಬಾಸ್ಕೆಟ್‌ಬಾಲಿನ ಅಭಿಮಾನಿಗಳ ಮಾತೂ ಹೀಗೆಯೇ. ಷಿಕಾಗೋ ತಂಡವು 1991ರಿಂದ 1998ರೊಳಗೆ ಆರು ಸಲ ಪ್ರಶಸ್ತಿ ಪಡೆಯಿತೆಂದರೆ, ಮೈಕೇಲ್ ಜೋರ್ಡನ್ ಆರು ಸಲ ಗೆದ್ದನೆನ್ನುವರು. ಅಂಕಣದಲ್ಲಿ ಒಂದೊಂದು ಕಡೆಗೆ ಐವರಿರುವರು, ಬೆಂಚಿನ ಮೇಲೆ ಇನ್ನೂ ಏಳೆಂಟು ಮಂದಿ ಕಾದಿರುವರು ಎಂಬುದು ಮಾತಿನ ಭರದಲ್ಲಿ ಮರೆತುಹೋಗುತ್ತದೆ. ಕೊಡೆ ಹಿಡಿದವನ ಕೀರ್ತಿಗೆ ನಮ್ಮ ಆಕ್ಷೇಪಣೆಯಿಲ್ಲ. ಬಿಸಿಲಿನಲ್ಲಿ ಬರಿದಲೆಯಿಂದ ನಡೆದವರ ವಿಚಾರವಾಗಿ ನಾಲ್ಕು ಮಾತು ಬರೆಯಬೇಕೆಂಬುದಷ್ಟೇ ನಮ್ಮ ಉದ್ದೇಶ.

ಈ ಮರೆವು ಆಟದ ಹುಟ್ಟಿನಲ್ಲಿಯೇ ತೊಡಗಿದೆ. 1891ನೆಯ ಇಸವಿ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ವಿದ್ಯಾಶಾಲೆಯ ಉಪಾಧ್ಯಾಯರಾಗಿದ್ದ ಜೇಮ್ಸ್ ನೈಸ್ಮಿತ್ ಎಂಬವರಿಗೆ 18 ಮಂದಿ ಹುರುಪಿನ ವಿದ್ಯಾರ್ಥಿಗಳ ಒಂದು ತರಗತಿಯನ್ನು ಒಪ್ಪಿಸಿದ್ದರು. ಹೊರಗೆ ಚಳಿಗಾಲ; ಬಯಲಾಟಕ್ಕೆ ಎಡೆಯಿಲ್ಲ. ಅಂಥ ತರಗತಿಯನ್ನು ಹಿಡಿದು ಕೂರಿಸುವ ಕಷ್ಟವನ್ನು ನಾವು ಚೆನ್ನಾಗಿ ಬಲ್ಲೆವು. ನೈಸ್ಮಿತ್ತರು 13 ನಿಯಮಗಳ ಒಂದು ಹೊಸ ಆಟವನ್ನು ಕಟ್ಟಿ, ಗುರಿಗಾಗಿ ಎರಡು ಪೆಟ್ಟಿಗೆಗಳು ಬೇಕೆಂದು ಕಟ್ಟಡದ ಕಾವಲಿನವನಾದ ಸ್ಟೆಬಿನ್ಸ್ ಎಂಬವನನ್ನು ಕೇಳಿದರು. ಪೆಟ್ಟಿಗೆಗಳಿರಲಿಲ್ಲ, ಅವನು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ತಂದುಕೊಟ್ಟನು. ಅವನ್ನು ಮೊಳೆ ಹೊಡೆದು ಸೇರಿಸಿದ ಕಟಾಂಜನವು ನೆಲದಿಂದ 10 ಅಡಿ ಎತ್ತರದಲ್ಲಿದ್ದುದರಿಂದ ಇಂದಿಗೂ ಬಳೆಯ ಎತ್ತರ 10 ಅಡಿಯೇ. ಆಟಕ್ಕೆ ಬುಟ್ಟಿಯ ಹೆಸರು ಬಂದದ್ದು ಹೀಗೆ. ನೈಸ್ಮಿತ್ತರ ಹೆಸರಿನಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಹಾಲ್ ಆಫ್ ಫೇಮ್ ಎಂಬ ಕೀರ್ತಿಮಂದಿರವೇ ಎದ್ದು ನಿಂತಿದೆ. ಬುಟ್ಟಿ ತಂದವನ ಹೆಸರನ್ನು ಎಷ್ಟು ಮಂದಿ ಬಲ್ಲರೋ ಕಾಣೆವು.

ಮೊತ್ತಮೊದಲಿನ ಪಂದ್ಯದಲ್ಲಿ ಬುಟ್ಟಿಗೆ ಚೆಂಡು ಬಿದ್ದದ್ದು ಒಂದೇ ಸಲ. ಅದಕ್ಕೆ ಲೆಕ್ಕದ ಪುಸ್ತಕ ಬೇಕಾಗಿರಲಿಲ್ಲ. ಆಟ ಬೆಳೆದಂತೆ ಪುಸ್ತಕವೂ ಬೆಳೆಯಿತು. ಆದರೆ ಏನನ್ನು ಬರೆಯಬೇಕು, ಏನನ್ನು ಬಿಡಬೇಕೆಂಬುದನ್ನು ನಿಶ್ಚಯಿಸುವವನು ಬರೆಯುವವನು. 1962ನೆಯ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಊರಿನಲ್ಲಿ ವಿಲ್ಟ್ ಚೇಂಬರ್ಲೇನ್ ಎಂಬ ಮಹಾಕಾಯನು ಒಂದೇ ಪಂದ್ಯದಲ್ಲಿ 100 ಅಂಕಗಳನ್ನು ಗಳಿಸಿದುದು ಆಟದ ಗಂಧವಿಲ್ಲದವರಿಗೂ ತಿಳಿದಿದೆ. ಅವನ ಸಮಕಾಲೀನನಾದ ಬಾಸ್ಟನ್ ತಂಡದ ಬಿಲ್ ರಸೆಲ್ 13 ವರ್ಷ ಆಡಿ 11 ಸಲ ಪ್ರಶಸ್ತಿ ಗೆದ್ದವನು. ಎದುರಾಳಿಯು ಎಸೆದ ಚೆಂಡನ್ನು ಗಾಳಿಯಲ್ಲಿಯೇ ತಡೆಯುವುದು ಅವನ ವಿದ್ಯೆ. ತಡೆದುದನ್ನು ಪ್ರೇಕ್ಷಕರ ಚಪ್ಪಾಳೆಗಾಗಿ ದೂರಕ್ಕೆ ಬಡಿಯದೆ, ತನ್ನವರ ಕೈಗೆ ಬೀಳುವಂತೆ ಮೆಲ್ಲನೆ ತಟ್ಟುವುದು ಅದರ ಮೇಲಿನ ವಿದ್ಯೆ. ಹೀಗೆ ಅವನು ಎಷ್ಟು ಚೆಂಡುಗಳನ್ನು ತಡೆದನು? ಅಧಿಕೃತವಾದ ಲೆಕ್ಕವೇ ಇಲ್ಲ. ತಡೆಗಳನ್ನೂ ಕೈಯಿಂದ ಕಸಿದ ಚೆಂಡುಗಳನ್ನೂ ಬರೆದಿಡುವ ಪದ್ಧತಿ ಆರಂಭವಾದದ್ದು 1973-74ನೆಯ ಸಾಲಿನಲ್ಲಿ. ರಸೆಲ್ 1969ರಲ್ಲಿಯೇ ಆಟದಿಂದ ನಿವೃತ್ತನಾಗಿದ್ದನು. ಕಿರೀಟ ಧರಿಸಿದವನ ಗತಿಯೇ ಹೀಗಾದರೆ, ಅದೇ ತಂಡದಲ್ಲಿ ಎಂಟು ಪ್ರಶಸ್ತಿಗಳಿಗೆ ಭಾಗಿಯಾದ ಸ್ಯಾಚ್ ಸ್ಯಾಂಡರ್ಸನ ಪಾಡೇನು? ಎದುರು ಪಕ್ಷದ ಬಲಿಷ್ಠನಾದ ದಾಳಿಗಾರನಿಗೆ ದಿನವೂ ಎದೆಯೊಡ್ಡುವುದು ಅವನ ಪಾಲಿಗೆ ಬಂದ ಕೆಲಸ. ಕೀರ್ತಿಮಂದಿರವು 2011ರಲ್ಲಿ ಅವನನ್ನು ಒಳಗೆ ಕರೆದುಕೊಂಡಿತು. ಅದೂ ಆಟಗಾರನೆಂದಲ್ಲ, ಆಟಕ್ಕೆ ಸೇವೆ ಸಲ್ಲಿಸಿದವನೆಂದು.

ಪುಸ್ತಕಕ್ಕೆ ಬಾರದ ಕೆಲಸಗಳು ಯಾವುವೆಂದು ವಾಚಕರು ಕೇಳಬಹುದು. ವ್ಯಾಕರಣದಲ್ಲಿ ಉಪಸರ್ಗಗಳೆಂಬ ಸಣ್ಣ ಶಬ್ದಗಳುಂಟು. ಒಂಟಿಯಾಗಿ ನಿಲ್ಲಿಸಿದರೆ ಅವು ತಾವಾಗಿ ಏನನ್ನೂ ಹೇಳಲಾರವು. ಧಾತುವಿನ ಮೊದಲಿಗೆ ಬಂದು ನಿಂತರೆ ಒಂದೇ ಧಾತುವಿನಿಂದ ವಿಹಾರವೂ ಆಗುತ್ತದೆ, ಸಂಹಾರವೂ ಆಗುತ್ತದೆ. ಈ ಆಟದಲ್ಲಿ ಸ್ಕ್ರೀನ್, ಎಂದರೆ ತೆರೆ, ಎಂಬುದು ಅಂಥ ಉಪಸರ್ಗ. ತನ್ನವನೊಬ್ಬನು ಚೆಂಡು ಹಿಡಿದು ಓಡುತ್ತಿರುವಾಗ ಇನ್ನೊಬ್ಬನು ಹೋಗಿ ಕಂಬದಂತೆ ಅಲುಗದೆ ನಿಲ್ಲುತ್ತಾನೆ. ಬೆನ್ನಟ್ಟಿ ಬಂದ ಎದುರಾಳಿಯು ಆ ಕಂಬಕ್ಕೆ ಢಿಕ್ಕಿ ಹೊಡೆದು ಒಂದು ಕ್ಷಣ ಹಿಂದುಳಿಯುತ್ತಾನೆ. ಆ ಒಂದು ಕ್ಷಣದಲ್ಲಿ ಚೆಂಡು ಬುಟ್ಟಿ ಸೇರುತ್ತದೆ. ಅಂಕ ಬರೆಯುವುದು ಎಸೆದವನ ಹೆಸರಿಗೆ. ಕಂಬವಾಗಿ ನಿಂತವನಿಗೆ ಉಳಿದದ್ದು ಪಕ್ಕೆಯ ನೋವು. ಇನ್ನೊಂದು, ದಾಳಿಯಿಡುವವನು ನುಗ್ಗಿ ಬರುವ ದಾರಿಯನ್ನು ಮೊದಲೇ ಊಹಿಸಿ, ಅಲ್ಲಿ ಕಾಲೂರಿ ನಿಂತು, ಅವನ ಭಾರವನ್ನೆಲ್ಲ ಎದೆಯ ಮೇಲೆ ತೆಗೆದುಕೊಂಡು ನೆಲಕ್ಕೆ ಬೀಳುವುದು. ತಪ್ಪು ನುಗ್ಗಿದವನದಾಗುತ್ತದೆ, ಚೆಂಡು ಬಿದ್ದವನ ತಂಡಕ್ಕೆ ಬರುತ್ತದೆ. ಬೀಳುವುದೂ ಒಂದು ಕಲೆಯೇ ಎಂದು ನಗುವವರಿದ್ದಾರೆ. ಸುಳ್ಳು ಬೀಳುವಿಕೆಯೂ ಉಂಟೆಂಬುದನ್ನು ನಾವು ಅಲ್ಲಗಳೆಯೆವು. ಅದು ನಮಗೂ ರುಚಿಸದು.

ಈ ಬಗೆಯ ಆಟಗಾರರಲ್ಲಿ ನಮ್ಮ ಮನಸ್ಸಿಗೆ ಅತ್ಯಂತ ಮೆಚ್ಚುಗೆಯಾದವನು ಷೇನ್ ಬ್ಯಾಟಿಯರ್. ಅವನು ಹ್ಯೂಸ್ಟನ್ ತಂಡದಲ್ಲಿದ್ದಾಗ, 2009ರಲ್ಲಿ, ಮೈಕೇಲ್ ಲೂಯಿಸ್ ಎಂಬ ಲೇಖಕರು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅವನನ್ನು ಕುರಿತು ದೀರ್ಘವಾದ ಲೇಖನವನ್ನು ಬರೆದು ಜನರ ಕಣ್ಣನ್ನು ಅವನ ಕಡೆಗೆ ತಿರುಗಿಸಿದರು. ಅಂಕಪಟ್ಟಿಯನ್ನು ನೋಡಿದರೆ ಬ್ಯಾಟಿಯರ್ ಸಾಧಾರಣನು: ಹೆಚ್ಚು ಅಂಕಗಳಿಲ್ಲ, ಹಲಗೆಯಿಂದ ಹಿಂದಿರುಗಿದ ಚೆಂಡುಗಳನ್ನು ಹಿಡಿದದ್ದೂ ಹೆಚ್ಚಿಲ್ಲ. ಆದರೂ ಅವನು ಅಂಕಣದಲ್ಲಿದ್ದಷ್ಟು ಹೊತ್ತು ಅವನ ಕಡೆಯವರೆಲ್ಲರ ಆಟ ಸುಧಾರಿಸುತ್ತಿತ್ತು, ಎದುರು ಕಡೆಯವರ ಆಟ ಕೆಡುತ್ತಿತ್ತು. ಲಾಸ್ ಏಂಜಲಿಸ್ ತಂಡದ ಕೋಬಿ ಬ್ರೈಂಟ್ ಆ ಕಾಲದ ಅದ್ವಿತೀಯ ದಾಳಿಗಾರ. ಅವನನ್ನು ಕಾಯುವ ಕೆಲಸ ಬ್ಯಾಟಿಯರನದು. ಕೋಬಿಯು ಅಂಕಣದ ಯಾವ ಮೂಲೆಯಿಂದ ಎಸೆದರೆ ಎಷ್ಟು ಸಲ ಗುರಿ ಮುಟ್ಟುವನು, ಯಾವ ಕೈಯ ಕಡೆಗೆ ಓಡಿದರೆ ಅವನ ಬಲ ಕಡಮೆ ಎಂಬ ಲೆಕ್ಕಗಳನ್ನೆಲ್ಲ ಬ್ಯಾಟಿಯರ್ ಪಂದ್ಯಕ್ಕೆ ಮುನ್ನ ಪರೀಕ್ಷೆಗೆ ಕೂರುವ ವಿದ್ಯಾರ್ಥಿಯಂತೆ ಓದಿಕೊಂಡು ಬರುತ್ತಿದ್ದನು. ಚೆಂಡನ್ನು ತಡೆಯಲೆಂದು ಹಾರುತ್ತಿರಲಿಲ್ಲ. ಕೈಯನ್ನು ಚೆಂಡಿಗೆ ಅಡ್ಡ ಹಿಡಿಯದೆ ಎಸೆಯುವವನ ಕಣ್ಣಿಗೆ ಅಡ್ಡ ಹಿಡಿಯುತ್ತಿದ್ದನು. ಕೋಬಿಯು ಅಂಕ ಗಳಿಸುತ್ತಲೇ ಇದ್ದನು, ಆದರೆ ತನಗೆ ಒಗ್ಗದ ಜಾಗದಿಂದ ಕಷ್ಟಪಟ್ಟು, ಎಂದಿಗಿಂತ ಹೆಚ್ಚು ಎಸೆತಗಳನ್ನು ವ್ಯರ್ಥಮಾಡಿ. ನೋಡುವವರಿಗೆ ಇದು ಕೋಬಿಯದೇ ತಪ್ಪೆಂದು ತೋರುತ್ತಿತ್ತು. ಕೋಬಿಗೂ ಹಾಗೆಯೇ ತೋರಲಿ ಎಂಬುದೇ ಬ್ಯಾಟಿಯರನ ಇಷ್ಟವಾಗಿತ್ತೆಂದು ನಮ್ಮ ಅನುಮಾನ.

ಅದೇ ಲೇಖನದಲ್ಲಿರುವ ಇನ್ನೊಂದು ಸಂಗತಿಯನ್ನು ಹೇಳದಿರಲಾರೆವು. ಸ್ಯಾನ್ ಆಂಟೋನಿಯೋ ತಂಡದಲ್ಲಿ ಅರ್ಜೆಂಟೀನಾ ದೇಶದ ಮನು ಜಿನೋಬಿಲಿ ಎಂಬ ಚತುರನಿದ್ದನು. 1999ರ ಆಯ್ಕೆಯಲ್ಲಿ 57ನೆಯವನಾಗಿ ಕರೆಸಿಕೊಂಡು, ನಾಲ್ಕು ಪ್ರಶಸ್ತಿಗಳನ್ನು ಗೆದ್ದವನು; ಆದರೂ ತಂಡದ ಹಿತಕ್ಕಾಗಿ ಪಂದ್ಯದ ಆರಂಭದಲ್ಲಿ ಬೆಂಚಿನ ಮೇಲೆ ಕುಳಿತು, ಎದುರಾಳಿಗಳು ದಣಿದ ಮೇಲೆ ಅಂಕಣಕ್ಕೆ ಇಳಿಯುವುದನ್ನು ಒಪ್ಪಿಕೊಂಡಿದ್ದನು. ಮೊದಲ ಐವರಲ್ಲಿ ಒಬ್ಬನೆನಿಸಿಕೊಳ್ಳುವುದು ಅಲ್ಲಿ ಮಾನದ ಪ್ರಶ್ನೆ. ದೀಪಗಳನ್ನು ಆರಿಸಿ ಒಬ್ಬೊಬ್ಬರ ಹೆಸರನ್ನೂ ಕೂಗಿ ಕರೆಯುವರು. ಬ್ಯಾಟಿಯರ್ ತನ್ನ ತರಬೇತುದಾರರ ಬಳಿಗೆ ಹೋಗಿ, ‘ನನ್ನನ್ನೂ ಮೊದಲು ಇಳಿಸಬೇಡಿ, ಜಿನೋಬಿಲಿ ಎದ್ದಾಗ ನಾನೂ ಏಳುತ್ತೇನೆ’ ಎಂಬರ್ಥದಲ್ಲಿ ತಾನಾಗಿಯೇ ಕೇಳಿಕೊಂಡನು. ಬೇರೆ ಆಟಗಾರನು ಹೀಗೆ ಕೇಳಿಯಾನೇ? ಮದುವೆಯ ಮನೆಯಲ್ಲಿ ಮೊದಲ ಪಂಕ್ತಿಗೆ ಎಲೆ ಹಾಕಿ ಕರೆದಾಗ, ಬಡಿಸುವವರು ಕಡಮೆಯಿದ್ದಾರೆಂದು ತಾನೇ ಪಂಚೆ ಕಟ್ಟಿ ಸೌಟು ಹಿಡಿಯುವ ನೆಂಟರು ಎಷ್ಟು ಮಂದಿ ಸಿಕ್ಕುವರೋ ಇವರೂ ಅಷ್ಟೇ. ಬ್ಯಾಟಿಯರ್ ಮುಂದೆ ಮಯಾಮಿ ತಂಡದಲ್ಲಿ 2012 ಮತ್ತು 2013ರಲ್ಲಿ ಪ್ರಶಸ್ತಿ ಪಡೆದನೆಂಬುದನ್ನು ಸಂತೋಷದಿಂದ ಸೇರಿಸುತ್ತೇವೆ.

ಬೆನ್ ವ್ಯಾಲೇಸನ ಕಥೆ ಬೇರೆ ತೆರನಾದುದು. ಅಲಬಾಮಾ ಪ್ರಾಂತದ ಹಳ್ಳಿಯೊಂದರಲ್ಲಿ 11 ಮಕ್ಕಳ ಸಂಸಾರದಲ್ಲಿ 10ನೆಯವನು. ಚಿಕ್ಕದೊಂದು ಕಾಲೇಜಿನಲ್ಲಿ ಓದಿದವನಾದುದರಿಂದ 1996ರ ಆಯ್ಕೆಯಲ್ಲಿ ಯಾರೂ ಅವನ ಹೆಸರನ್ನು ಎತ್ತಲಿಲ್ಲ. 2000ದಲ್ಲಿ ಗ್ರ್ಯಾಂಟ್ ಹಿಲ್ ಎಂಬ ಪ್ರಖ್ಯಾತನು ಡೆಟ್ರಾಯಿಟ್ ತಂಡವನ್ನು ಬಿಟ್ಟು ಆರ್ಲ್ಯಾಂಡೋ ತಂಡಕ್ಕೆ ಹೊರಟಾಗ, ಪ್ರತಿಯಾಗಿ ಬಂದ ಇಬ್ಬರಲ್ಲಿ ವ್ಯಾಲೇಸ್ ಒಬ್ಬನು. ತರಕಾರಿಯವಳು ತೂಕವಾದ ಮೇಲೆ ಕೈಗೆ ಹಾಕುವ ಕೊಸರಿನಂತೆ ಬಂದವನು. ದೈವಯೋಗದಿಂದ ಹಿಲ್ಲನ ಕಣಕಾಲು ಮುರಿದುದು ಸರಿಹೋಗದೆ ಅವನು ನಾಲ್ಕು ವರ್ಷಗಳಲ್ಲಿ ಆಡಿದ್ದು 47 ಪಂದ್ಯ ಮಾತ್ರ. ಕೊಸರಾಗಿ ಬಂದವನು ಆ ಮುಂದಿನ ವರ್ಷಗಳಲ್ಲಿ ನಾಲ್ಕು ಸಲ ಅತ್ಯುತ್ತಮ ರಕ್ಷಕನೆಂಬ ಬಿರುದನ್ನು ಪಡೆದನು. ಜೀವಮಾನದ ಸರಾಸರಿ ನೋಡಿದರೆ ಪಂದ್ಯವೊಂದಕ್ಕೆ ಆರು ಅಂಕಗಳೂ ಇಲ್ಲ! 2004ರ ಜೂನಿನಲ್ಲಿ ಡೆಟ್ರಾಯಿಟ್ ತಂಡವು ಅಂತಿಮ ಸುತ್ತಿಗೆ ಬಂದಾಗ ಎದುರಿಗೆ ಲಾಸ್ ಏಂಜಲಿಸ್. ಅವರ ಕಡೆ ಷಕೀಲ್ ಓನೀಲ್, ಕೋಬಿ ಬ್ರೈಂಟ್, ಕಾರ್ಲ್ ಮಲೋನ್, ಗ್ಯಾರಿ ಪೇಟನ್ ಎಂಬ ನಾಲ್ವರು ಕೊಡೆಯವರು. ಇತ್ತ ಒಂದು ಕೊಡೆಯೂ ಇಲ್ಲ. ಡೆಟ್ರಾಯಿಟ್ ನಾಲ್ಕು ಪಂದ್ಯ ಗೆದ್ದು ಒಂದನ್ನು ಮಾತ್ರ ಸೋತಿತು. ಕೊನೆಯ ಪಂದ್ಯದಲ್ಲಿ ವ್ಯಾಲೇಸ್ ಹಲಗೆಯಿಂದ 22 ಚೆಂಡುಗಳನ್ನು ಹಿಡಿದನು. 2021ರಲ್ಲಿ ಕೀರ್ತಿಮಂದಿರಕ್ಕೂ ಸೇರಿದನು. ಆದರೆ ಈ ಒಂದು ಉದಾಹರಣೆಯನ್ನು ಹಿಡಿದುಕೊಂಡು, ನಾಯಕರೇ ಬೇಡ, ಸಾಮಾನ್ಯರೇ ಸಾಕು ಎಂದು ವಾದಿಸುವವರನ್ನು ಕಂಡರೆ ನಮಗೆ ನಗು ಬರುತ್ತದೆ. ಡೆಟ್ರಾಯಿಟ್ಟಿನಂಥ ತಂಡಗಳು ಅಪರೂಪ; ಆದುದರಿಂದಲೇ ಇಂದಿಗೂ ಅದರ ಮಾತು.

ಇಲ್ಲಿ ಆಯ್ಕೆಯ ವಿಚಾರವನ್ನು ಬಿಡಿಸಿ ಹೇಳಬೇಕು. ತಂಡವೊಂದಕ್ಕೆ ಖಾಯಂ ಸ್ಥಾನಗಳು 15. ಮೂವತ್ತಕ್ಕೂ ಸೇರಿ 450. ಇಷ್ಟು ಸ್ಥಾನಗಳಿಗೆ ಪ್ರಪಂಚದ ಯುವಕರೆಲ್ಲ ಕಣ್ಣಿಟ್ಟಿರುತ್ತಾರೆ. ವರ್ಷಕ್ಕೊಮ್ಮೆ ಡ್ರಾಫ್ಟ್ ಎಂಬ ಸರದಿಯಲ್ಲಿ ತಂಡಗಳು ಎರಡು ಸುತ್ತಿನಲ್ಲಿ ಸುಮಾರು 60 ಮಂದಿ ಹೊಸಬರನ್ನು ಹೆಸರಿಸಿ ಕರೆಯುತ್ತವೆ. ಕರೆಸಿಕೊಂಡವರಿಗೆಲ್ಲ ಆಡಲು ಎಡೆ ದೊರೆಯುವುದೆಂಬ ಭರವಸೆಯೂ ಇಲ್ಲ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಂ ಸಿಂಗನನ್ನು 2015ರಲ್ಲಿ ಡಲಾಸ್ ತಂಡವು 52ನೆಯವನಾಗಿ ಕರೆದಾಗ ನಮ್ಮ ದೇಶಕ್ಕೆ ಆ ಗೌರವ ಮೊದಲನೆಯದೆಂದು ಪತ್ರಿಕೆಗಳು ಸಂಭ್ರಮಿಸಿದುವು. ಅವನು ಆ ಕೂಟದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಕರೆ ಬಾರದವರು ಕಿರಿಯ ಕೂಟದಲ್ಲಿ ಅಲ್ಪ ಸಂಬಳಕ್ಕೆ ಆಡುವರು, ಇಲ್ಲವೆ ಯೂರೋಪಿಗೋ ಚೀನಾಕ್ಕೋ ಹೋಗುವರು. ಹತ್ತು ದಿನದ ಕರಾರು ಎಂಬುದೊಂದಿದೆ. ಜನವರಿಯ ಮೇಲೆ ತಂಡಗಳು ಒಬ್ಬನನ್ನು ಹತ್ತೇ ದಿನಕ್ಕೆ ಗೊತ್ತುಮಾಡಿಕೊಳ್ಳಬಹುದು. ಬೇಕಾದರೆ ಇನ್ನೂ ಹತ್ತು ದಿನ. ಅದರಾಚೆ ಉಳಿಸಿಕೊಳ್ಳಬೇಕಾದರೆ ವರ್ಷದ ಉಳಿದ ಭಾಗಕ್ಕೆಲ್ಲ ಕರಾರಾಗಬೇಕು, ಇಲ್ಲವೆ ಬಿಟ್ಟುಕೊಡಬೇಕು. ಹೆಂಡತಿ ಮಕ್ಕಳನ್ನು ಒಂದೂರಿನಲ್ಲಿ ಬಿಟ್ಟು, ಪೆಟ್ಟಿಗೆ ಹಿಡಿದು ಬಂದು, ಹತ್ತು ದಿನಗಳಲ್ಲಿ ನಾಲ್ಕೈದು ನಿಮಿಷ ಅಂಕಣಕ್ಕೆ ಇಳಿದು, ತಾನು ಏನೆಂಬುದನ್ನು ತೋರಿಸಬೇಕು. ಅಂಥವನು ಹುಚ್ಚನಂತೆ ಚೆಂಡಿನ ಮೇಲೆ ಬೀಳುವುದನ್ನು ಕಂಡು ವಿವರಣೆಕಾರರು ‘ಎಂಥ ಉತ್ಸಾಹ!’ ಎನ್ನುವರು. ಅದು ಬರಿಯ ಉತ್ಸಾಹವಲ್ಲ, ಮನೆಯ ಬಾಡಿಗೆಯೂ ಅದರಲ್ಲಿ ಸೇರಿದೆ.

ಜೆರೆಮಿ ಲಿನ್ ಎಂಬ ಹಾರ್ವರ್ಡ್ ಪದವೀಧರನನ್ನು 2011ರ ಡಿಸೆಂಬರ್ ಒಂದೇ ತಿಂಗಳಲ್ಲಿ ಎರಡು ತಂಡಗಳು ಕೈಬಿಟ್ಟುವು. ತೈವಾನಿನಿಂದ ಬಂದ ತಂದೆತಾಯಿಗಳ ಮಗನು ಈ ಆಟದಲ್ಲಿ ಮೇಲೇರಬಲ್ಲನೆಂದು ಯಾರೂ ಎಣಿಸಿರಲಿಲ್ಲ. ನ್ಯೂಯಾರ್ಕ್ ತಂಡದಲ್ಲಿ ಬೆಂಚಿನ ಕೊನೆಯಲ್ಲಿದ್ದ ಅವನನ್ನು, ಬೇರೆ ಗತಿಯಿಲ್ಲದೆ, 2012ರ ಫೆಬ್ರವರಿ 4ರಂದು ಇಳಿಸಿದರು. 25 ಅಂಕ ಗಳಿಸಿದನು. ಫೆಬ್ರವರಿ 10ರಂದು ಕೋಬಿಯ ತಂಡದೆದುರು 38. ತಂಡವು ಎಡೆಬಿಡದೆ ಏಳು ಪಂದ್ಯ ಗೆದ್ದಿತು. ಇನ್ನೊಬ್ಬನು ಯುಡೋನಿಸ್ ಹ್ಯಾಸ್ಲೆಮ್. 2002ರಲ್ಲಿ ಕರೆ ಬಾರದೆ ಒಂದು ವರ್ಷ ಫ್ರಾನ್ಸಿನಲ್ಲಿ ಆಡಿ, ಹುಟ್ಟೂರಾದ ಮಯಾಮಿಗೆ ಹಿಂದಿರುಗಿ, ಒಂದೇ ತಂಡದಲ್ಲಿ 20 ವರ್ಷ ಉಳಿದನು. ಕೊನೆಯ ಕೆಲವು ವರ್ಷಗಳಲ್ಲಿ ಅವನು ಆಡಿದ್ದು ಅತ್ಯಲ್ಪ. ಬೆಂಚಿನ ಮೇಲೆ ಕುಳಿತು ಹುಡುಗರನ್ನು ಗದರಿಸುವುದು, ತಿದ್ದುವುದು ಅವನ ಕೆಲಸವಾಗಿತ್ತು. ಆಡದವನಿಗೆ ಸಂಬಳವೇಕೆಂದು ಹಲವರು ಕೇಳಿದರು. ಹಿರಿಯ ಉಪಾಧ್ಯಾಯರು ಪಾಠ ಹೇಳದ ಗಂಟೆಯಲ್ಲಿ ವರಾಂಡದಲ್ಲಿ ಸುಮ್ಮನೆ ನಡೆದಾಡಿದರೆ ಆರು ತರಗತಿಗಳು ಸದ್ದಡಗುವುದನ್ನು ನೋಡಿದ ನಮಗೆ ಆ ಪ್ರಶ್ನೆ ಏಳಲಿಲ್ಲ. 2023ರ ಏಪ್ರಿಲಿನಲ್ಲಿ, 42 ವರ್ಷದವನಾಗಿ, ತನ್ನ ಕೊನೆಯ ಸಾಲಿನ ಕಡೆಯ ಲೀಗ್ ಪಂದ್ಯದಲ್ಲಿ ಅವನು 24 ಅಂಕಗಳನ್ನು ಗಳಿಸಿದನು.

ರಾಬರ್ಟ್ ಹೋರಿಯ ವಿಚಾರದಲ್ಲಿ ಅಭಿಮಾನಿಗಳೊಳಗೆ ಮುಗಿಯದ ಜಗಳವುಂಟು. ಮೂರು ಬೇರೆ ಬೇರೆ ತಂಡಗಳಲ್ಲಿದ್ದು ಏಳು ಪ್ರಶಸ್ತಿಗಳನ್ನು ಪಡೆದವನು. ವರ್ಷದ ಶ್ರೇಷ್ಠರ ಪಂದ್ಯಕ್ಕೆ ಒಂದು ಸಲವೂ ಆಯ್ಕೆಯಾಗದವನು. 2002ರ ಮೇ 26ರಂದು ಸ್ಯಾಕ್ರಮೆಂಟೋ ತಂಡದೆದುರು ಲಾಸ್ ಏಂಜಲಿಸಿನವರು ಎರಡು ಅಂಕ ಹಿಂದಿದ್ದರು. ಕೊನೆಯ ಕ್ಷಣಗಳು, ಎರಡು ಎಸೆತಗಳು ತಪ್ಪಿದುವು, ಎದುರಾಳಿಯೊಬ್ಬನು ಹೊತ್ತು ಕಳೆಯಲೆಂದು ಚೆಂಡನ್ನು ದೂರಕ್ಕೆ ತಟ್ಟಿದನು. ದೂರದಲ್ಲಿ ಸುಮ್ಮನೆ ನಿಂತಿದ್ದವನು ಹೋರಿ. ಗಡಿಯಾರ ನಿಲ್ಲುವಷ್ಟರಲ್ಲಿ ಮೂರಂಕದ ಗೆರೆಯ ಆಚೆಯಿಂದ ಎಸೆದ ಚೆಂಡು ಬಳೆಯೊಳಗಿಳಿಯಿತು: 100ಕ್ಕೆ 99. ಇವನನ್ನೂ ಕೀರ್ತಿಮಂದಿರಕ್ಕೆ ಸೇರಿಸಬೇಕೆಂದು ಕೆಲವರ ವಾದ. ನಾವು ಆ ಪಕ್ಷದವರಲ್ಲ. ಪ್ರಶಸ್ತಿಗಳನ್ನು ಎಣಿಸಿ ಮನುಷ್ಯನನ್ನು ಅಳೆಯುವುದೂ ಅಂಕಗಳನ್ನು ಎಣಿಸಿ ಅಳೆಯುವಂತೆಯೇ ಕುರುಡು. ಆದರೆ ಎಲ್ಲರೂ ಬುಟ್ಟಿಯ ಕೆಳಗೆ ನೂಕಾಡುತ್ತಿದ್ದಾಗ ಚೆಂಡು ಎಲ್ಲಿಗೆ ಬಂದೀತೆಂದು ತಿಳಿದು ಅಲ್ಲಿ ನಿಂತದ್ದನ್ನು ಬರಿಯ ಅದೃಷ್ಟವೆನ್ನುವವರ ಪಕ್ಷವೂ ನಮ್ಮದಲ್ಲ.

ಈಚೆಗೆ ಪುಸ್ತಕವು ಉದಾರವಾಗಿದೆ. ತೆರೆಯಾಗಿ ನಿಂತು ಕೊಡಿಸಿದ ಅಂಕಗಳು, ಬೆರಳು ತಾಗಿಸಿ ದಾರಿತಪ್ಪಿಸಿದ ಚೆಂಡುಗಳು, ಎದೆಯೊಡ್ಡಿ ತಡೆದ ನುಗ್ಗಾಟಗಳು, ನೆಲಕ್ಕೆ ಬಿದ್ದು ಹಿಡಿದ ಚೆಂಡುಗಳು, ಇವನ್ನೆಲ್ಲ 2016ರಿಂದ ಎಣಿಸಿ ಪ್ರಕಟಿಸುತ್ತಾರೆ. ಮರುವರ್ಷದಿಂದ ಅದಕ್ಕಾಗಿ ಒಂದು ಬಹುಮಾನವನ್ನೂ ಕೊಡುತ್ತಾರೆ. ಒಳ್ಳೆಯದೇ. ಆದರೆ ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ನಮಗೆ ಒಂದು ಸಂದೇಹ. ಯಾವುದಕ್ಕೆ ಅಂಕ ಕೊಡುವರೆಂದು ತಿಳಿದೊಡನೆ ವಿದ್ಯಾರ್ಥಿಯು ಅದನ್ನೇ ಬರೆಯತೊಡಗುವನು. ಎಣಿಕೆಗಾಗಿಯೇ ನೆಲಕ್ಕೆ ಬೀಳುವವರು ನಾಳೆ ಹುಟ್ಟದಿರಲಿ.

2025ರ ಪಂದ್ಯಗಳು ನಮ್ಮಂಥವರಿಗೆ ಹಬ್ಬವಾದುವು. ಡೆನ್ವರ್ ತಂಡದ ನಿಕೋಲಾ ಯೋಕಿಚ್, ಸರ್ಬಿಯಾದವನು, 2014ರಲ್ಲಿ 41ನೆಯವನಾಗಿ ಯಾರ ಗಮನಕ್ಕೂ ಬಾರದೆ ಆಯ್ಕೆಯಾಗಿ, ಮುಂದೆ ಮೂರು ಸಲ ವರ್ಷದ ಶ್ರೇಷ್ಠನೆನಿಸಿದವನು. ಬರಿದಲೆಯವರಲ್ಲಿ ಒಬ್ಬನಾಗಿ ಹೊರಟು ಈಗ ದೊಡ್ಡ ಕೊಡೆ ಹಿಡಿದವನು. 6 ಅಡಿ 11 ಅಂಗುಲದ ಈ ಯೋಕಿಚ್ಚನನ್ನು ಮೇ 18ರ ನಿರ್ಣಾಯಕ ಪಂದ್ಯದಲ್ಲಿ ತಡೆಯಲು ಒಕ್ಲಹೋಮಾ ತಂಡವು ಕಳುಹಿಸಿದವರಲ್ಲಿ ಮುಖ್ಯನು ಅವನಿಗಿಂತ ಅರ್ಧ ಅಡಿ ಗಿಡ್ಡನಾದ ಅಲೆಕ್ಸ್ ಕರೂಸೋ. ಹಿಂದೆ ನಿಂತರೆ ಕಾಣಲಾರನೆಂದು ಮುಂದೆ ನಿಂತು, ಚೆಂಡು ಯೋಕಿಚ್ಚನ ಕೈಗೆ ಬರುವ ದಾರಿಯನ್ನೇ ಕಡಿದನು. ಒಕ್ಲಹೋಮಾ 125, ಡೆನ್ವರ್ 93. ಸ್ವಾರಸ್ಯವೇನೆಂದರೆ, ಇದೇ ಒಕ್ಲಹೋಮಾದವರು 2016ರ ಅಕ್ಟೋಬರಿನಲ್ಲಿ ಕರೂಸೋವನ್ನು ತಂಡದಿಂದ ಬಿಟ್ಟು ತಮ್ಮ ಕಿರಿಯ ತಂಡಕ್ಕೆ ಕಳುಹಿಸಿದ್ದರು. 2024ರಲ್ಲಿ ಷಿಕಾಗೋದವರಿಗೆ ಹೆಸರುವಾಸಿಯಾದ ಒಬ್ಬ ಯುವಕನನ್ನು ಕೊಟ್ಟು ಅವನನ್ನು ಮರಳಿ ತಂದರು.

ಅಂತಿಮ ಸುತ್ತಿನಲ್ಲಿ ಅವರೆದುರು ಇಂಡಿಯಾನಾ. ಆ ತಂಡದ ಬೆಂಚಿನಲ್ಲಿ ಟಿ. ಜೆ. ಮೆಕಾನಲ್ ಎಂಬ 6 ಅಡಿ 1 ಅಂಗುಲದವನಿದ್ದನು. ಆ ದೈತ್ಯರ ನಡುವೆ ಬಾಲಕನಂತೆ ತೋರುವನು. ಬುಟ್ಟಿಗೆ ಚೆಂಡು ಬಿದ್ದ ಮೇಲೆ ಎದುರಾಳಿಗಳು ನಿಶ್ಚಿಂತೆಯಿಂದ ಚೆಂಡನ್ನು ಒಳಗೆಸೆಯುವಾಗ, ಹಿಂದಿರುಗಿ ಹೋದಂತೆ ನಟಿಸಿ, ಥಟ್ಟನೆ ತಿರುಗಿ ಅದನ್ನು ಕಸಿದುಬಿಡುವುದು ಅವನ ವಿದ್ಯೆ. ಮೂರನೆಯ ಪಂದ್ಯದಲ್ಲಿ ಹೀಗೆ ಅವನು ಐದು ಚೆಂಡುಗಳನ್ನು ಕಸಿದನು, ಇಂಡಿಯಾನಾ ಗೆದ್ದಿತು. ಏಳನೆಯ ಪಂದ್ಯದಲ್ಲಿ ಆ ತಂಡದ ನಾಯಕಮಣಿಯಾದ ಹ್ಯಾಲಿಬರ್ಟನ್ ಆರಂಭದಲ್ಲಿಯೇ ಕಾಲಿನ ನರ ಹರಿದು ಬಿದ್ದನು. ಮೆಕಾನಲ್ ಎದ್ದುಬಂದು 16 ಅಂಕಗಳನ್ನು ಗಳಿಸಿ ಬಹಳ ಹೊತ್ತು ತಡೆದು ನಿಲ್ಲಿಸಿದನು. ಒಕ್ಲಹೋಮಾ 103ಕ್ಕೆ 91ರಂತೆ ಗೆದ್ದಿತು. ಆ ದಿನ ಗೆದ್ದವರ ಕಡೆಯ ಕರೂಸೋ, ಲೂಗೆಂಟ್ಸ್ ಡಾರ್ಟ್, ಸೋತವರ ಕಡೆಯ ಮೆಕಾನಲ್, ಈ ಮೂವರನ್ನೂ ಡ್ರಾಫ್ಟಿನಲ್ಲಿ ಯಾವ ತಂಡವೂ ಕರೆದಿರಲಿಲ್ಲ.